‘ನೀವು ಯಾವ ಚರ್ಚಿಗೆ ಹೋಗುತ್ತೀರಿ?’: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಉತ್ತರ ಕ್ಯಾರೊಲಿನಾದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಜಾಗದ ಅಭಾವದಿಂದ ಅದನ್ನು ಪೂರ್ತಿ ಅಚ್ಚು ಹಾಕಲಾಗುತ್ತಿಲ್ಲವಾದ್ದರಿಂದ ಇತರ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಊರಿನ ಶಾಲಾ ಮಂಡಳಿಯ ಚುನಾವಣೆಗೆ ನಿಂತವರನ್ನೆಲ್ಲ ಒಂದು ಸಂಜೆ ಚರ್ಚಿನ ಸಭಾಂಗಣವೊಂದರಲ್ಲಿ ಸಾಲಾಗಿ ಕೂರಿಸಿ ಮತದಾರರಿಗೆ ಪ್ರಶ್ನೆ ಕೇಳುವ ಅವಕಾಶ ಕೊಟ್ಟರು. ಹಿರಿಯರೊಬ್ಬರು ಎದ್ದು ಮಹಿಳಾ ಅಭ್ಯರ್ಥಿಯೊಬ್ಬರನ್ನು ‘ನೀವು ಯಾವ ಚರ್ಚಿಗೆ ಹೋಗುತ್ತೀರಿ?’ ಎಂದು ಕೇಳಿದರು. ಆಕೆ, ‘ಯಾವುದಕ್ಕೂ ಇಲ್ಲ, ನನಗೆ ದೇವರಲ್ಲಿ ನಂಬಿಕೆಯಿಲ್ಲ’ ಎಂದರು. ಆಮೇಲೆ ಸಭೆ ಮುಗಿಯುವವರೆಗೂ ಆಕೆಗೆ ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಆಕೆ ಸೋತರು. ಇದರಲ್ಲಿ ತಪ್ಪೇನಿದೆ ಎಂಬುದು ನಿಮ್ಮ ವಾದ. ಅಭ್ಯರ್ಥಿಯ ದೈವಭಕ್ತಿಯನ್ನು ಅಳೆದು ಮತ ಹಾಕುವುದು ಸಲ್ಲದು ಎಂದು ಎರಡು ಸಂಚಿಕೆಗಳ ಹಿಂದೆ ನಾನು ಬರೆದದ್ದು ನಿಮಗೆ ಸರಿಕಂಡಿಲ್ಲ. ‘ದೇವರ ಭಯವೇ ಇಲ್ಲದವರು ಇನ್ನಾವುದಕ್ಕೆ ಹೆದರುತ್ತಾರೆ?’ ಎಂದು ಕೇಳಿದ್ದೀರಿ. ಕೊನೆಯಲ್ಲಿ, ‘ನಾಸ್ತಿಕರಾದ ನೀವು ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದವರಿಗೆ ಎಂದಾದರೂ ಓಟು ಹಾಕಿದ್ದೀರಾ? ಎದೆ ಮುಟ್ಟಿಕೊಂಡು ಹೇಳಿ’ ಎಂದು ಚುಚ್ಚಿದ್ದೀರಿ. ಈ ಚುಚ್ಚುಮಾತಿಗೂ ಉತ್ತರಿಸುತ್ತೇನೆ, ಆದರೆ ಕೊನೆಯಲ್ಲಿ.

ಮೊದಲು ನೀವಿರುವ ರಾಜ್ಯದ ವಿಷಯ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಅಮೆರಿಕದ ಸಂವಿಧಾನದ 6ನೇ ವಿಧಿ, ಒಕ್ಕೂಟ ಸರ್ಕಾರದ ಯಾವುದೇ ಹುದ್ದೆಗೆ ಅರ್ಹತೆಯಾಗಿ ಧರ್ಮಪರೀಕ್ಷೆಯನ್ನು ಎಂದೆಂದಿಗೂ ವಿಧಿಸಕೂಡದು ಎನ್ನುತ್ತದೆ. ಆದರೆ ರಾಜ್ಯಗಳು ತಮ್ಮ ತಮ್ಮ ಸಂವಿಧಾನಗಳಲ್ಲಿ ಬೇರೆಯದನ್ನೇ ಬರೆದುಕೊಂಡಿದ್ದವು. ಉತ್ತರ ಕ್ಯಾರೊಲಿನಾದ 1776ರ ಸಂವಿಧಾನದಲ್ಲಿ ಪ್ರಾಟೆಸ್ಟೆಂಟ್ ಧರ್ಮದ ಸತ್ಯವನ್ನು ಅಲ್ಲಗಳೆಯುವವರಿಗೆ ಅಧಿಕಾರಸ್ಥಾನವಿರಲಿಲ್ಲ. ಕಾರ್ಟರೆಟ್ ಕೌಂಟಿಯಿಂದ ಆಯ್ಕೆಯಾಗಿದ್ದ ಜೇಕಬ್ ಹೆನ್ರಿ ಎಂಬ ಯಹೂದಿಯನ್ನು ಶಾಸನಸಭೆಯಿಂದ ಎಬ್ಬಿಸಬೇಕೆಂದು 1809ರಲ್ಲಿ ಸಹಸದಸ್ಯನೊಬ್ಬ ಗೊತ್ತುವಳಿ ತಂದ. ಹೆನ್ರಿ ತನ್ನ ಸ್ಥಾನವನ್ನು ಉಳಿಸಿಕೊಂಡದ್ದು ನಿಜ. ಆದರೆ ನಿಯಮ ಉಳಿಯಿತು. 1835ರಲ್ಲಿ ‘ಪ್ರಾಟೆಸ್ಟೆಂಟ್’ ಎಂಬುದು ‘ಕ್ರೈಸ್ತ’ ಎಂದಾಯಿತು, 1868ರಲ್ಲಿ ಅದೂ ಹೋಗಿ, ಸರ್ವಶಕ್ತನಾದ ದೇವರ ಇರವನ್ನು ಅಲ್ಲಗಳೆಯುವವರು ಮಾತ್ರ ಅನರ್ಹರಾದರು. ಬಾಗಿಲು ಒಮ್ಮೆ ಪ್ರಾಟೆಸ್ಟೆಂಟರಲ್ಲದ ಕ್ರೈಸ್ತರಿಗೆ, ಇನ್ನೊಮ್ಮೆ ಯಹೂದಿಗಳಿಗೆ ಎಂದು ಸ್ವಲ್ಪಸ್ವಲ್ಪವೇ ತೆರೆಯುತ್ತ ಬಂದು ನಾಸ್ತಿಕರ ಮುಂದೆ ನಿಂತುಬಿಟ್ಟಿತು. ಇಂದು ಜಾರಿಯಲ್ಲಿರುವ 1971ರ ಸಂವಿಧಾನದಲ್ಲೂ ಆ ಸಾಲು ಹಾಗೆಯೇ ಇದೆ. ಟೆಕ್ಸಸ್, ಟೆನೆಸಿ, ಅರ್ಕನ್ಸಾ ಮುಂತಾದ ರಾಜ್ಯಗಳಲ್ಲೂ ಅಂಥದೇ ಸಾಲುಗಳಿವೆ. ಟೆಕ್ಸಸ್ಸಿನದಂತೂ ಓದಲು ಬಲು ಸೊಗಸು: ಧಾರ್ಮಿಕ ಭಾವನೆಯ ಕಾರಣಕ್ಕೆ ಯಾರನ್ನೂ ಅಧಿಕಾರದಿಂದ ದೂರವಿಡುವಂತಿಲ್ಲ, ಪರಮಾತ್ಮನೊಬ್ಬನಿದ್ದಾನೆ ಎಂದು ಅವರು ಒಪ್ಪಿಕೊಂಡರಾಯಿತು!

ಆ ಸಾಲುಗಳಿಗೆ ಈಗ ಬಲವಿಲ್ಲ. ಬಲ ಹೋದದ್ದು ಒಬ್ಬ ಲೆಕ್ಕ ಬರೆಯುವವನಿಂದ. ಮೇರಿಲ್ಯಾಂಡಿನ ರಾಯ್ ಟೊರ್ಕಾಸೊ ಕಟ್ಟಡ ಕಂಪನಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು. ಕೆಲಸದ ಅನುಕೂಲಕ್ಕೆಂದು ನೋಟರಿಯಾಗಲು ಹೊರಟರು. ಕಾಗದಕ್ಕೆ ಮೊಹರು ಒತ್ತಿ ಸಹಿ ಹಾಕುವ ಹುದ್ದೆ ಅದು, ಅದರಲ್ಲಿ ದೇವರಿಗೆ ಏನು ಕೆಲಸವೋ ಕಾಣೆ. ಆದರೂ ದೇವರಿದ್ದಾನೆಂಬ ಘೋಷಣೆಗೆ ಸಹಿ ಮಾಡಬೇಕೆಂದರು, ಅವರು ಒಪ್ಪಲಿಲ್ಲ, ನೇಮಕ ನಿಂತಿತು. 1961ರ ಜೂನ್ 19ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಟೊರ್ಕಾಸೊ ಪರವಾಗಿ ತೀರ್ಪಿತ್ತಿತು.

ನಿಮ್ಮ ‘ದೇವರ ಭಯ’ದ ಪ್ರಶ್ನೆಗೆ ನನ್ನ ಉತ್ತರ ಈ ಪ್ರಕರಣದಲ್ಲೇ ಇದೆ. ಅದು ಹೊಸ ಪ್ರಶ್ನೆಯಲ್ಲ; ಧಾರ್ಮಿಕ ಸಹಿಷ್ಣುತೆಯ ಪರವಾಗಿ ಅಷ್ಟು ಚೆನ್ನಾಗಿ ವಾದಿಸಿದ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಕೂಡ 1689ರಲ್ಲಿ ನಾಸ್ತಿಕರನ್ನು ಮಾತ್ರ ಹೊರಗಿಟ್ಟ, ಆಣೆ ಪ್ರಮಾಣಗಳು ಅವರನ್ನು ಕಟ್ಟಿಹಾಕಲಾರವು ಎಂಬ ಕಾರಣಕ್ಕೆ. ಈಗ ಟೊರ್ಕಾಸೊ ಅವರ ಸ್ಥಾನದಲ್ಲಿ ಒಬ್ಬ ಸುಳ್ಳನನ್ನು ಕೂರಿಸಿ ನೋಡಿ. ಆತ ಸಹಿ ಹಾಕಿ, ಮೊಹರು ಕಿಸೆಗಿಳಿಸಿಕೊಂಡು ಮನೆಗೆ ಹೋಗುತ್ತಿದ್ದ. ಒಂದು ಸಹಿಯಷ್ಟು ಸುಳ್ಳನ್ನೂ ಹೇಳಲಾರೆ ಎಂದವರೊಬ್ಬರೇ ಆ ಪರೀಕ್ಷೆಯಲ್ಲಿ ನಪಾಸಾದದ್ದು. ನಂಬದವರಲ್ಲಿ ಅಪ್ರಾಮಾಣಿಕರನ್ನು ಒಳಕ್ಕೆ ಬಿಟ್ಟು ಪ್ರಾಮಾಣಿಕರನ್ನು ಮಾತ್ರ ಸೋಸಿ ಹೊರಹಾಕುವ ಜರಡಿ ಅದು. ಇಂಗ್ಲೆಂಡಿನಲ್ಲಿ 1673ರ ಕಾಯ್ದೆಯ ಪ್ರಕಾರ ಹುದ್ದೆ ಹಿಡಿಯುವವರು ಸರ್ಕಾರಿ ಚರ್ಚಿನ ಪ್ರಸಾದ ಸ್ವೀಕರಿಸಬೇಕಿತ್ತು. ಬೇರೆ ಪಂಥದವರು ಹುದ್ದೆಯ ಸಲುವಾಗಿ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಪ್ರಸಾದ ತಿಂದು, ಉಳಿದ ಭಾನುವಾರಗಳಲ್ಲಿ ತಮ್ಮ ತಮ್ಮ ಪ್ರಾರ್ಥನಾಮಂದಿರಗಳಿಗೆ ಹೋಗುತ್ತಿದ್ದರು. ಅದನ್ನು ತಡೆಯಲು 1711ರಲ್ಲಿ ಮತ್ತೊಂದು ಕಾಯ್ದೆಯನ್ನೇ ಮಾಡಬೇಕಾಯಿತು.

ದೇವರ ಎದುರು ಸುಳ್ಳು ಬಾಯಿಂದ ಹೊರಡದು ಎಂಬ ನಂಬಿಕೆ ನಮ್ಮ ಕಡೆಯೂ ಇದೆ, ಒಪ್ಪುತ್ತೇನೆ. 2011ರ ಜೂನ್ 27ರಂದು ನಮ್ಮ ಮುಖ್ಯಮಂತ್ರಿ ಯಡಿಯೂರಪ್ಪನವರೂ ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರೂ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋದದ್ದು ನಿಮಗೆ ನೆನಪಿರಬಹುದು. ಇಬ್ಬರೂ ಮಂಜುನಾಥನ ದರ್ಶನ ಮಾಡಿದರು, ಇಬ್ಬರೂ ಆಣೆ ಮಾಡದೆ ಹಿಂತಿರುಗಿದರು. ಇದನ್ನು ದೇವರ ಭಯವೆಂದು ನೀವು ಓದಬಹುದು, ನಾನು ಅಡ್ಡ ಬರುವುದಿಲ್ಲ. ಆದರೆ ಯಾರ ಮಾತು ನಿಜ ಎಂದು ತಿಳಿಯಲು ಹೊರಟ ರಾಜ್ಯಕ್ಕೆ ಆ ದಿನ ಅದು ತಿಳಿಯಲಿಲ್ಲ.

ನೀವು ಹೇಳಬಹುದು: ಕೋರ್ಟಿನ ಮಾತು ಸರ್ಕಾರಕ್ಕೆ, ನಾನು ಮತದಾರ. ಸರಿಯಾದ ಮಾತು. 6ನೇ ವಿಧಿ ನಿಮ್ಮನ್ನಾಗಲಿ ಆ ಹಿರಿಯರನ್ನಾಗಲಿ ಕಟ್ಟಿಹಾಕುವುದಿಲ್ಲ. ಮತಗಟ್ಟೆಯ ಮರೆಯಲ್ಲಿ ನೀವು ಅಭ್ಯರ್ಥಿಯ ಎತ್ತರ ನೋಡಿ ಮತ ಹಾಕಿದರೂ ಯಾರೂ ಕೇಳುವಂತಿಲ್ಲ, ಕೇಳಲೂ ಬಾರದು. ನನ್ನ ತಕರಾರು ನಿಮ್ಮ ಹಕ್ಕಿನ ಬಗ್ಗೆಯಲ್ಲ, ಆ ಹಕ್ಕನ್ನು ಬಳಸುವಾಗ ನೀವು ಹಿಡಿದ ಒರೆಗಲ್ಲಿನ ಬಗ್ಗೆ. ಆ ಕಲ್ಲಿನ ಮೇಲೆ ಚಿನ್ನವೂ ಹಿತ್ತಾಳೆಯೂ ಒಂದೇ ಬಣ್ಣ ಬಿಡುತ್ತವೆ.

ನಿಮ್ಮ ರಾಜ್ಯದಲ್ಲೇ 2008ರ ಅಕ್ಟೋಬರಿನಲ್ಲಿ ನಡೆದದ್ದನ್ನು ನೋಡಿ. ಸೆನೆಟ್ ಸ್ಥಾನಕ್ಕೆ ಮರುಸ್ಪರ್ಧಿಸಿದ್ದ ಎಲಿಜಬೆತ್ ಡೋಲ್ ಅವರ ಕಡೆಯಿಂದ ಟಿವಿಯಲ್ಲಿ ಒಂದು ಜಾಹೀರಾತು ಬಂತು. ಎದುರಾಳಿ ಕೇ ಹೇಗನ್ ಅವರು ನಾಸ್ತಿಕರ ಸಂಘಟನೆಯೊಂದರ ಜೊತೆ ನಂಟುಳ್ಳವರ ಮನೆಯಲ್ಲಿ ನಡೆದ ನಿಧಿಸಂಗ್ರಹ ಕೂಟಕ್ಕೆ ಹೋಗಿದ್ದರು ಎಂಬುದು ಅದರ ಆರೋಪ. ಕೊನೆಯಲ್ಲಿ ಪರದೆಯ ಮೇಲೆ ಹೇಗನ್ ಅವರ ಚಿತ್ರ, ಹಿನ್ನೆಲೆಯಲ್ಲಿ ‘ದೇವರಿಲ್ಲ’ ಎನ್ನುವ ಹೆಣ್ಣುದನಿ. ಆ ದನಿ ಹೇಗನ್ ಅವರದಾಗಿರಲಿಲ್ಲ. ಹೇಗನ್ ಗ್ರೀನ್ಸ್‌ಬರೋದ ಪ್ರೆಸ್ಬಿಟೇರಿಯನ್ ಚರ್ಚೊಂದರ ಹಿರಿಯ ಸದಸ್ಯೆ, ಅಲ್ಲಿ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವರು. ಅವರು ಮಾನನಷ್ಟ ಮೊಕದ್ದಮೆ ಹೂಡಿದರು, ತಾನು ಭಕ್ತೆಯೆಂದು ಸಾರುವ ಪ್ರತಿ ಜಾಹೀರಾತು ಕೊಟ್ಟರು, ಚುನಾವಣೆಯಲ್ಲಿ ಗೆದ್ದರು. ಸುಳ್ಳು ಧ್ವನಿಯ ಆಟ ಫಲಿಸಲಿಲ್ಲವೆಂದು ಹಲವರಿಗೆ ಸಮಾಧಾನವಾಯಿತು. ನನಗೂ ಆಯಿತು, ಅರ್ಧ ಮಾತ್ರ. ‘ದೇವರಿಲ್ಲ ಎಂದಳು’ ಎಂಬುದು ಮಾನಹಾನಿ ಎಂದು ಎರಡೂ ಪಕ್ಷದವರು ಒಪ್ಪಿಕೊಂಡೇ ಜಗಳವಾಡಿದ್ದರು; ಜಗಳ ಇದ್ದದ್ದು ಆ ಕಳಂಕ ಈಕೆಗೆ ಅಂಟುತ್ತದೆಯೋ ಇಲ್ಲವೋ ಎಂಬುದರ ಬಗ್ಗೆ. ಹಾಗೆಯೇ ಅಂದಿದ್ದರೂ ಏನಾಯಿತು, ಎಂದು ಕೇಳುವ ಧೈರ್ಯ ಇಬ್ಬರ ಪಾಳೆಯದಲ್ಲೂ ಇರಲಿಲ್ಲ. ಆ ರಾಜ್ಯದಲ್ಲಿ ಮನೆಯಲ್ಲಿ ಕೂತು ಆ ಜಾಹೀರಾತು ನೋಡುತ್ತಿದ್ದ ನಾಸ್ತಿಕ ಮತದಾರ ತನ್ನನ್ನು ಬೈಗುಳವಾಗಿ ಬಳಸಿದ್ದನ್ನು ಕೇಳಿಸಿಕೊಂಡ, ಅಷ್ಟೆ.

ಕಾಲ ಬದಲಾಗುತ್ತಿಲ್ಲವೆಂದಲ್ಲ. ಅರ್ಹನಾದ ನಾಸ್ತಿಕನೊಬ್ಬನನ್ನು ನಿಮ್ಮ ಪಕ್ಷ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರೆ ಮತ ಹಾಕುತ್ತೀರಾ ಎಂದು ಗ್ಯಾಲಪ್ ಸಂಸ್ಥೆ ಕೇಳಿದಾಗ 1958ರಲ್ಲಿ ಹೌದೆಂದವರು ಶೇ. 18, 2020ರಲ್ಲಿ ಶೇ. 60. ಆ 2020ರಲ್ಲಿ ಕ್ಯಾಥೊಲಿಕ್ ಅಭ್ಯರ್ಥಿಗೆ ಹೌದೆಂದವರು ಶೇ. 95.

ಕ್ಯಾಥೊಲಿಕರ ವಿಷಯದಲ್ಲಿ ಈ ಬದಲಾವಣೆ ತಾನಾಗಿ ಆದದ್ದಲ್ಲ. 1928ರ ಅಧ್ಯಕ್ಷ ಚುನಾವಣೆಯಲ್ಲಿ ಕ್ಯಾಥೊಲಿಕರಾದ ಆಲ್ ಸ್ಮಿತ್ ಸೋತಾಗ ಅವರ ಧರ್ಮವೂ ಒಂದು ಕಾರಣವಾಗಿತ್ತು. 1960ರ ಸೆಪ್ಟೆಂಬರ್ 12ರಂದು ಜಾನ್ ಕೆನಡಿ ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಎದುರು ನಿಂತು, ತಾನು ಕ್ಯಾಥೊಲಿಕ್ ಅಭ್ಯರ್ಥಿಯಲ್ಲ, ಕ್ಯಾಥೊಲಿಕನೂ ಆಗಿರುವ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಎಂದರು. ಅದಕ್ಕಿಂತ ಮುಖ್ಯವಾಗಿ, ತನ್ನ ಅಂತಃಸಾಕ್ಷಿಗೂ ದೇಶದ ಹಿತಕ್ಕೂ ಘರ್ಷಣೆ ಬಂದು ಒಂದನ್ನು ಬಿಡಲೇಬೇಕಾದ ದಿನ ಬಂದರೆ ಹುದ್ದೆಗೆ ರಾಜೀನಾಮೆ ಕೊಡುತ್ತೇನೆ ಎಂದರು. ಆ ಪಾದ್ರಿಗಳು ಕೇಳಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಪೋಪರ ಮಾತು ನಿಮ್ಮ ಆಡಳಿತದಲ್ಲಿ ನಡೆಯುತ್ತದೆಯೇ ಎಂಬುದು ಅಧಿಕಾರದ ಬಗೆಗಿನ ಪ್ರಶ್ನೆ. ಉತ್ತರವೂ ಅಧಿಕಾರದ ಬಗ್ಗೆಯೇ ಇತ್ತು. ನಿಮ್ಮ ಸಭೆಯಲ್ಲಿ ಆ ಹಿರಿಯರು ‘ವಿಕಾಸವಾದದ ಪಾಠ ಬೇಡವೆಂದು ಪೋಷಕರು ಬಂದರೆ ಏನು ಮಾಡುತ್ತೀರಿ?’ ಎಂದೋ, ‘ನನ್ನ ಮೊಮ್ಮಗ ಊಟಕ್ಕೆ ಮುಂಚೆ ಕೈಮುಗಿದರೆ ಶಿಕ್ಷಕರು ತಡೆಯುತ್ತಾರೆಯೇ?’ ಎಂದೋ ಕೇಳಿದ್ದರೆ ನಾನು ಅವರ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಅವರು ಕೇಳಿದ್ದು ಭಾನುವಾರ ಎಲ್ಲಿರುತ್ತೀರಿ ಎಂದು.

ನೀವು ಪ್ರತಿ ಶನಿವಾರ ಕ್ಯಾರಿಯ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವವರೆಂದೂ ನಿಮ್ಮ ಮಗಳು ಶಾಲೆಯ ಚರ್ಚಾಕೂಟದಲ್ಲಿ ಹೆಸರು ಮಾಡಿದ್ದಾಳೆಂದೂ ಬರೆದಿದ್ದೀರಿ. ಹಾಗಾದರೆ ‘ಯಾವ ಚರ್ಚಿಗೆ?’ ಎಂಬ ಪ್ರಶ್ನೆ ಆ ಸಭಾಂಗಣದಲ್ಲಿ ನಿಮ್ಮನ್ನು ಮುಟ್ಟದೆ ಹೋದದ್ದು ನನಗೆ ಸ್ವಲ್ಪ ಆಶ್ಚರ್ಯ. 2023ರ ಡಿಸೆಂಬರಿನಲ್ಲಿ ಅಯೋವಾದ ಟಿವಿ ಸಭೆಯೊಂದರಲ್ಲಿ ಮತದಾರರೊಬ್ಬರು ಅಧ್ಯಕ್ಷ ಸ್ಥಾನದ ಆಕಾಂಕ್ಷಿ ವಿವೇಕ್ ರಾಮಸ್ವಾಮಿಯವರಿಗೆ, ಈ ದೇಶ ಕಟ್ಟಿದ ಹಿರಿಯರ ಧರ್ಮ ನಿಮ್ಮದಲ್ಲವಾದ್ದರಿಂದ ನೀವು ಅಧ್ಯಕ್ಷರಾಗಲಾರಿರಿ ಎನ್ನುವವರಿಗೆ ಏನು ಹೇಳುತ್ತೀರಿ ಎಂದು ಕೇಳಿದರು. ಅವರ ರಾಜಕೀಯದಲ್ಲಿ ನನಗೆ ಒಪ್ಪಿಗೆಯಾಗುವುದು ಕಡಿಮೆ. ಆದರೆ ನಾನು ಹಿಂದೂ, ಓಟಿಗಾಗಿ ಮತಾಂತರದ ನಾಟಕವಾಡುವುದಿಲ್ಲ ಎಂದು ಅವರು ಹೇಳಿದ್ದು ಮೆಚ್ಚತಕ್ಕದ್ದು. ಮುಂದುವರಿದು ತಮ್ಮ ಧರ್ಮವೂ ಕ್ರೈಸ್ತಧರ್ಮವೂ ಒಂದೇ ಮೌಲ್ಯಗಳನ್ನು ಹೇಳುತ್ತವೆ ಎಂದು ಸಮಜಾಯಿಷಿ ಕೊಟ್ಟರು. ಶಾಲಾ ಮಂಡಳಿಯ ಆ ಮಹಿಳೆಗೆ ಈ ದಾರಿಯೂ ಇರಲಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಇತ್ಯರ್ಥವಾದ ಬಗೆ ನನಗೆ ಇಂದಿಗೂ ಇಷ್ಟ. 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಲಿ ಎಂಬ ತಿದ್ದುಪಡಿ ತಂದರು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ, ನಾವು ಶಕ್ತಿಯ ಆರಾಧಕರು, ‘ದೇವಿಯ ಹೆಸರಿನಲ್ಲಿ’ ಎಂದೇಕೆ ಬೇಡ ಎಂದರು. ಪಟ್ಟಂ ಥಾಣು ಪಿಳ್ಳೆಯವರು ತಾವು ಆಸ್ತಿಕರಾಗಿದ್ದೂ, ನಂಬಿಕೆಯ ವಿಷಯದಲ್ಲಿ ಒತ್ತಾಯ ಕೂಡದು, ನಂಬದಿರುವುದೂ ಮನುಷ್ಯನ ಹಕ್ಕು ಎಂದು ವಿರೋಧಿಸಿದರು. ಕಾಮತರು ಪಟ್ಟು ಬಿಡದೆ ಮತಕ್ಕೆ ಹಾಕಿಸಿದರು: ಪರ 41, ವಿರೋಧ 68. ನಂಬದವನ ಪರವಾಗಿ ಅಂದು ಕೈಯೆತ್ತಿದವರಲ್ಲಿ ಮನೆಯಲ್ಲಿ ದೀಪ ಹಚ್ಚಿ ಬಂದವರು ಅನೇಕರಿದ್ದರು ಎಂಬುದನ್ನು ನಾನು ಮರೆಯುವುದಿಲ್ಲ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯ ಪ್ರಮಾಣವಚನದಲ್ಲಿ ದೇವರ ಹೆಸರಿನಲ್ಲಿ ಹೇಳುವುದಕ್ಕೂ ದೇವರನ್ನು ಕರೆಯದೆ ದೃಢೀಕರಿಸುವುದಕ್ಕೂ ಅವಕಾಶವಿದೆ. ಯಾವುದನ್ನು ಆರಿಸಿಕೊಂಡಿರಿ ಎಂಬುದಕ್ಕೆ ಕಾರಣ ಕೊಡಬೇಕಿಲ್ಲ.

ಇನ್ನು ನಿಮ್ಮ ಚುಚ್ಚುಮಾತು. ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿನ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಉದ್ದ ಕುಂಕುಮವಿಟ್ಟು, ಪ್ರಸಾದದ ಪೊಟ್ಟಣ ಹಿಡಿದು ಮನೆ ಬಾಗಿಲಿಗೆ ಬಂದರು. ಪೊಟ್ಟಣವನ್ನು ನನ್ನ ಹೆಂಡತಿ ಕಣ್ಣಿಗೊತ್ತಿಕೊಂಡು ಇಸಿದುಕೊಂಡಳು. ನಾನು ನಮಸ್ಕಾರ ಹೇಳಿ ಬಾಗಿಲು ಹಾಕಿದೆ. ಅಂದು ಸಂಜೆ ಬಂದ ಇನ್ನೊಬ್ಬರು, ನನ್ನ ಪುಸ್ತಕದ ಕಪಾಟು ನೋಡಿ, ವೈಚಾರಿಕತೆಯ ಬಗ್ಗೆ ಹತ್ತು ನಿಮಿಷ ಹಿತವಾಗಿ ಮಾತಾಡಿದರು. ನನ್ನ ಮತ ಅವರಿಗೆ ಹೋಯಿತು, ಅವರೇ ಗೆದ್ದರು. ಮಳೆಗಾಲದಲ್ಲಿ ನಮ್ಮ ಹಿಂದಿನ ಬೀದಿಯ ರಾಜಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗಿದ ರಾತ್ರಿ ಅವರ ಫೋನು ಸ್ವಿಚ್ ಆಫ್ ಆಗಿತ್ತು. ಕುಂಕುಮದವರು ಬಂದಿದ್ದರೆ ಕಥೆ ಚೆನ್ನಾಗಿರುತ್ತಿತ್ತು; ಅವರೂ ಬರಲಿಲ್ಲ. ನಾನು ಇಬ್ಬರನ್ನೂ ರಾಜಕಾಲುವೆಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಒಬ್ಬರ ಹಣೆ ನೋಡಿದೆ, ಇನ್ನೊಬ್ಬರು ನನ್ನ ಕಪಾಟು ನೋಡಿದ್ದಕ್ಕೆ ಮರುಳಾದೆ. ಹಾಗಾಗಿ, ಎದೆ ಮುಟ್ಟಿಕೊಂಡು ಹೇಳುವುದಾದರೆ: ಇಲ್ಲ, ಹಾಕಿಲ್ಲ, ಮತ್ತು ನಿಮ್ಮ ಊರಿನ ಆ ಹಿರಿಯರಿಗಿಂತ ನಾನು ಅಂದು ಉತ್ತಮನಾಗಿ ನಡೆದುಕೊಳ್ಳಲಿಲ್ಲ.

ಆ ಮಹಿಳೆ ಶಾಲೆಯ ಬಸ್ಸುಗಳ ಬಗ್ಗೆಯೋ ಶಿಕ್ಷಕರ ಕೊರತೆಯ ಬಗ್ಗೆಯೋ ಏನಾದರೂ ಹೇಳಲು ಸಿದ್ಧರಾಗಿ ಬಂದಿದ್ದರೇ ಎಂಬುದು ನಿಮ್ಮ ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ. ಆಕೆ ಮುಂದಿನ ಬಾರಿ ಮತ್ತೆ ನಿಂತರೆ ದಯವಿಟ್ಟು ಕೇಳಿ, ಏನು ಹೇಳಿದರೆಂದು ನನಗೆ ಬರೆಯಿರಿ. ಆಕೆಯ ಉತ್ತರ ನಿಮಗೆ ಹಿಡಿಸದೆ ನೀವು ಇನ್ನೊಬ್ಬರಿಗೆ ಮತ ಹಾಕಿದರೆ ಆ ಪತ್ರವನ್ನು ಪೂರ್ತಿಯಾಗಿ ಪ್ರಕಟಿಸುತ್ತೇನೆ.

— ಸಂ.