ಬಿಲ್ಲು ಕಟ್ಟುವ ಕೆಲಸ ಇನ್ನೊಬ್ಬರಿಗೆ, ಖಾತೆಯ ಅಧಿಕಾರ ಯಾರಿಗೆ?

ಪ್ರಶ್ನೆ: ತಂದೆಯವರು ತೀರಿಕೊಂಡು ಒಂದೂವರೆ ವರ್ಷವಾಯಿತು. ಮನೆಯ ಬಿಲ್ಲು, ವಿಮೆ, ತೆರಿಗೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅಮ್ಮನಿಗೆ ಈಗ ಎಪ್ಪತ್ತಾರು ವರ್ಷ. ಹೋದ ತಿಂಗಳು ಅವರ ಬಳಿಗೆ ಹೋದಾಗ ಮೇಜಿನ ಖಾನೆಯಲ್ಲಿ ಒಡೆಯದೇ ಇಟ್ಟ ಇಪ್ಪತ್ತಕ್ಕೂ ಹೆಚ್ಚು ಲಕೋಟೆಗಳು ಸಿಕ್ಕವು. ಒಂದೇ ವಿದ್ಯುತ್ ಬಿಲ್ಲನ್ನು ಎರಡು ಸಲ ಕಟ್ಟಿದ್ದರು, ಆರೋಗ್ಯ ವಿಮೆಯ ಕಂತನ್ನು ಕಟ್ಟಿಯೇ ಇರಲಿಲ್ಲ. ನಾನು ಬೇರೆ ಊರಿನಲ್ಲಿದ್ದೇನೆ, ನನ್ನ ತಮ್ಮ ವಿದೇಶದಲ್ಲಿದ್ದಾನೆ. ಪರಿಚಯದ ನಿವೃತ್ತ ಲೆಕ್ಕಿಗರೊಬ್ಬರು ತಿಂಗಳಿಗೆ ಇಂತಿಷ್ಟು ಎಂದು ಪಡೆದು ಎಲ್ಲವನ್ನೂ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಅಮ್ಮನ ಖಾತೆಯನ್ನು ಜಂಟಿ ಖಾತೆ ಮಾಡಿಸಿ ತಮ್ಮದೇ ಹೆಸರನ್ನೂ ಸೇರಿಸಿದರೆ ಅನುಕೂಲ ಎಂಬುದು ಅವರ ಸಲಹೆ. ಹೊರಗಿನವರ ಕೈಗೆ ಹಣದ ವಿಚಾರ ಕೊಡುವುದೇ ಬೇಡ ಎಂದು ತಮ್ಮ ಹಟ ಹಿಡಿದಿದ್ದಾನೆ. ಏನು ಮಾಡುವುದು?

ಉತ್ತರ: ಸಂಬಳ ಕೊಟ್ಟು ಒಬ್ಬರನ್ನು ನೇಮಿಸಿಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಖಾತೆಗೆ ಅವರ ಹೆಸರನ್ನು ಸೇರಿಸಬೇಡಿ. ನಿಮ್ಮ ತಮ್ಮನವರ ಆತಂಕವೂ ಆ ಲೆಕ್ಕಿಗರ ಸಲಹೆಯೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿವೆ: ಬಿಲ್ಲು ಕಟ್ಟುವ ಕೆಲಸವನ್ನು ಕೊಡಬೇಕಾದರೆ ಹಣದ ಮೇಲಿನ ಹಕ್ಕನ್ನೂ ಜೊತೆಗೇ ಕೊಡಬೇಕು ಎಂದು ಇಬ್ಬರೂ ಭಾವಿಸಿದ್ದಾರೆ.

ಜಂಟಿ ಖಾತೆಯಲ್ಲಿ ಹೆಸರಿರುವವರು ಸಾಮಾನ್ಯವಾಗಿ ಆ ಹಣದ ಸಹಾಯಕರಲ್ಲ, ಪಾಲುದಾರರು. ಒಬ್ಬರೇ ಸಹಿ ಹಾಕಿ ಹಣ ತೆಗೆಯಬಹುದಾದ ಬಗೆಯ ಖಾತೆಯಾದರೆ ಅವರು ಪೂರ್ತಿ ಮೊತ್ತವನ್ನು ಹಿಂತೆಗೆದರೂ ಬ್ಯಾಂಕು ತಡೆಯುವುದಿಲ್ಲ. ಅಮ್ಮನವರ ಕಾಲಾನಂತರ ಉಳಿದ ಹಣ ಯಾರದೆಂಬ ತಕರಾರು ಏಳುತ್ತದೆ. ಆ ಲೆಕ್ಕಿಗರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರು ಬೇರೆಡೆ ಮಾಡಿದ ಸಾಲಕ್ಕೆ ಸಾಲ ಕೊಟ್ಟವರು ಈ ಖಾತೆಯ ಮೇಲೆ ಕಣ್ಣು ಹಾಕುವ ಸಾಧ್ಯತೆ ಇರುತ್ತದೆ. ಅವರು ಕೆಟ್ಟ ಉದ್ದೇಶದಿಂದ ಈ ಸಲಹೆ ಕೊಟ್ಟಿದ್ದಾರೆಂದು ನಾನು ಹೇಳುತ್ತಿಲ್ಲ. ಬ್ಯಾಂಕಿನ ಓಡಾಟ ತಪ್ಪುತ್ತದೆ ಎಂಬ ಲೆಕ್ಕಾಚಾರ ಅಷ್ಟೇ ಇದ್ದೀತು. ಆದರೆ ಬೇಡ ಎಂದ ಮೇಲೂ ಇದೇ ಷರತ್ತನ್ನು ಪಟ್ಟು ಹಿಡಿದು ಕೇಳಿದರೆ ಬೇರೆಯವರನ್ನು ಹುಡುಕಿ.

ಬಿಲ್ಲು ನೋಡಿಕೊಳ್ಳುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳುವ ಕೆಲಸದೊಳಗೆ ವಾಸ್ತವವಾಗಿ ಮೂರು ಕೆಲಸಗಳಿವೆ. ಬಂದ ಕಾಗದ ಮತ್ತು ಸಂದೇಶಗಳನ್ನು ಒಡೆದು, ಯಾವುದಕ್ಕೆ ಎಷ್ಟು, ಯಾವ ದಿನದೊಳಗೆ ಎಂದು ಬರೆದುಕೊಳ್ಳುವುದು ಮೊದಲನೆಯದು. ಇದನ್ನು ಕಟ್ಟಬಹುದು ಎಂದು ಒಪ್ಪಿಗೆ ಕೊಡುವುದು ಎರಡನೆಯದು. ಕಟ್ಟಿದ್ದು ಸರಿಯಾಗಿ ಸಂದಾಯವಾಯಿತೇ ಎಂದು ಬ್ಯಾಂಕಿನ ಸ್ಟೇಟ್‌ಮೆಂಟಿನೊಡನೆ ತಾಳೆ ನೋಡುವುದು ಮೂರನೆಯದು. ಕಚೇರಿಗಳ ಲೆಕ್ಕಪತ್ರದಲ್ಲಿ ಈ ಮೂರೂ ಒಬ್ಬನ ಕೈಯಲ್ಲಿ ಇರಕೂಡದು ಎಂಬುದು ಹಳೆಯ ನಿಯಮ, ಏಕೆಂದರೆ ಹಣ ಕಟ್ಟಿದವನೇ ಲೆಕ್ಕವನ್ನೂ ಬರೆದು ತಪಾಸಣೆಯನ್ನೂ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದರೂ ಗೊತ್ತಾಗುವುದಿಲ್ಲ. ಮನೆಯ ಲೆಕ್ಕಕ್ಕೂ ಅದೇ ನಿಯಮ ಸಲ್ಲುತ್ತದೆ. ಮೊದಲ ಕೆಲಸ ಸಹಾಯಕರದು, ಒಪ್ಪಿಗೆ ಅಮ್ಮನವರದು, ತಾಳೆ ನೋಡುವುದು ನಿಮ್ಮದು ಅಥವಾ ನಿಮ್ಮ ತಮ್ಮನವರದು. ತಾಳೆ ನೋಡಲು ಅದೇ ಊರಿನಲ್ಲಿ ಇರಬೇಕಾಗಿಲ್ಲ, ಆದ್ದರಿಂದ ವಿದೇಶದಲ್ಲಿರುವ ತಮ್ಮನವರಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಅವರ ಹಟವೂ ಇದರಿಂದ ಕೊಂಚ ಸಡಿಲಬಹುದು.

ಇದು ನಡೆಯುವ ಬಗೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ದೊಡ್ಡಮ್ಮನವರ ಬಳಿಗೆ ಹದಿನೈದು ದಿನಕ್ಕೊಮ್ಮೆ ಒಬ್ಬ ಮಹಿಳೆ ಬರುತ್ತಿದ್ದರು. ಬಂದವರು ಮೊದಲು ಲಕೋಟೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಜಾಹೀರಾತುಗಳನ್ನು ಒಂದು ಕಡೆ, ಬಿಲ್ಲುಗಳನ್ನು ಒಂದು ಕಡೆ, ಅರ್ಥವಾಗದವನ್ನು ಇನ್ನೊಂದು ಕಡೆ ಇಡುತ್ತಿದ್ದರು. ಪ್ರತಿ ಬಿಲ್ಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಕೊನೆಯ ದಿನಾಂಕ ಬರೆದು, ದೊಡ್ಡ ಅಕ್ಷರದ ನೋಟುಪುಸ್ತಕವೊಂದರಲ್ಲಿ ಸಾಲಾಗಿ ಏರಿಸಿ, ಹಿಂದಿನ ತಿಂಗಳಿನ ಮೊತ್ತವನ್ನೂ ಪಕ್ಕದಲ್ಲಿ ನಮೂದಿಸುತ್ತಿದ್ದರು. ಚೆಕ್ಕನ್ನು ಅವರೇ ಬರೆಯುತ್ತಿದ್ದರು, ಸಹಿ ಮಾತ್ರ ದೊಡ್ಡಮ್ಮನದು. ಸಹಿ ಹಾಕುವ ಮುನ್ನ ದೊಡ್ಡಮ್ಮ ಕನ್ನಡಕ ಏರಿಸಿ, "ನೀರಿನ ಬಿಲ್ಲು ಯಾಕಮ್ಮಾ ಇಷ್ಟು ಬಂದಿದೆ?" ಎಂದು ಕೇಳಿಯೇ ಕೇಳುತ್ತಿದ್ದರು. ಒಮ್ಮೆ ಆ ಪ್ರಶ್ನೆಯಿಂದಲೇ ನೆಲದಡಿಯ ಕೊಳವೆ ಸೋರುತ್ತಿದ್ದುದು ಪತ್ತೆಯಾಯಿತು. ಬೇರೆಯವರು ಸುಮ್ಮನೆ ಕಟ್ಟಿಬಿಟ್ಟಿದ್ದರೆ ಯಾರೂ ಆ ಪ್ರಶ್ನೆ ಕೇಳುತ್ತಿರಲಿಲ್ಲ.

ಅಮ್ಮನವರಿಗೆ ಪ್ರತಿ ಪಾವತಿಗೂ ಸಹಿ ಹಾಕುವುದು ಕಷ್ಟವೆನಿಸಿದರೆ ಇನ್ನೊಂದು ದಾರಿಯಿದೆ. ಉಳಿತಾಯ ಇರುವ ಮುಖ್ಯ ಖಾತೆಯನ್ನು ಮುಟ್ಟದೆ, ಅವರ ಹೆಸರಿನಲ್ಲೇ ಎರಡನೆಯ ಖಾತೆಯೊಂದನ್ನು ತೆರೆದು, ಅದಕ್ಕೆ ಎರಡು ತಿಂಗಳ ಬಿಲ್ಲುಗಳಿಗೆ ಸಾಲುವಷ್ಟೇ ಹಣವನ್ನು ಹಾಕುತ್ತ ಬನ್ನಿ. ಖಾತೆದಾರರ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಲಿಖಿತ ಅನುಮತಿ ಕೊಡುವ ವ್ಯವಸ್ಥೆ ಬಹಳಷ್ಟು ಬ್ಯಾಂಕುಗಳಲ್ಲಿ ಇರುತ್ತದೆ. ಹಾಗೆ ಅನುಮತಿ ಪಡೆದವರು ಹಣದ ಒಡೆಯರಾಗುವುದಿಲ್ಲ, ಅನುಮತಿಯನ್ನು ಹಿಂತೆಗೆದುಕೊಳ್ಳುವುದೂ ಕಷ್ಟವಲ್ಲ. ಸಹಾಯಕರಿಗೆ ಈ ಸಣ್ಣ ಖಾತೆಯ ಮಟ್ಟಿಗೆ ಅನುಮತಿ ಸಿಗಲಿ. ಏನೇ ಅನಾಹುತವಾದರೂ ಹೋಗುವುದು ಆ ಎರಡು ತಿಂಗಳ ಹಣ ಮಾತ್ರ. ಪ್ರತಿ ವ್ಯವಹಾರದ ಸಂದೇಶ ಅಮ್ಮನವರ ಫೋನಿಗೂ ನಿಮ್ಮದಕ್ಕೂ ಬರುವಂತೆ ಮಾಡಿಸಿ. ಪಿನ್, ಪಾಸ್‌ವರ್ಡ್, ಒಟಿಪಿಗಳನ್ನು ಮಾತ್ರ ಯಾವ ಕಾರಣಕ್ಕೂ ಹೇಳಕೂಡದು. ಗ್ರಾಹಕರು ತಾವಾಗಿಯೇ ಹೇಳಿಕೊಟ್ಟ ಪಿನ್‌ನಿಂದ ಹಣ ಹೋದರೆ ಬ್ಯಾಂಕುಗಳು ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿ ಇಡುವುದೂ ಪಿನ್ ಹೇಳಿಕೊಟ್ಟದ್ದಕ್ಕೆ ಸಮವೇ.

ಅಧಿಕಾರ ಪತ್ರದ, ಅಂದರೆ ಪವರ್ ಆಫ್ ಅಟಾರ್ನಿಯ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಮುಂದೆ ಅಮ್ಮನವರಿಗೆ ಮರೆವು ಹೆಚ್ಚಿದರೆ ಬಳಕೆಗೆ ಬರಲಿ ಎಂದು ಹಲವರು ಸಾಮಾನ್ಯ ಅಧಿಕಾರ ಪತ್ರವನ್ನು ಮಾಡಿಸಿ ನಿಶ್ಚಿಂತರಾಗುತ್ತಾರೆ. ಅನೇಕ ದೇಶಗಳ ಕಾನೂನಿನಲ್ಲಿ ಬರೆದುಕೊಟ್ಟವರು ಮಾನಸಿಕ ಸಾಮರ್ಥ್ಯ ಕಳೆದುಕೊಂಡಾಗ ಅಂಥ ಪತ್ರವೂ ಬಿದ್ದುಹೋಗುತ್ತದೆ, ಎಂದರೆ ಅತ್ಯಂತ ಅಗತ್ಯವಾದಾಗಲೇ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಇಂಗ್ಲೆಂಡ್‌ನಲ್ಲಿ, ಅಂಥ ಸ್ಥಿತಿಯಲ್ಲೂ ಊರ್ಜಿತವಾಗಿ ಉಳಿಯುವ ಬೇರೊಂದು ಬಗೆಯ ಪತ್ರ 2007ರಿಂದ ಜಾರಿಯಲ್ಲಿದೆ. ನಿಮಗೆ ಅನ್ವಯಿಸುವ ಕಾನೂನನ್ನು ವಕೀಲರಲ್ಲಿ ಕೇಳಿ. ಅದು ಯಾವ ಬಗೆಯದಾದರೂ ಇರಬೇಕಾದದ್ದು ಮಕ್ಕಳ ಹೆಸರಿನಲ್ಲಿ, ಸಂಬಳಕ್ಕೆ ಬರುವವರ ಹೆಸರಿನಲ್ಲಿ ಅಲ್ಲ.

ಆ ನಿವೃತ್ತ ಲೆಕ್ಕಿಗರನ್ನೇ ನೇಮಿಸುವುದಾದರೆ ಪರಿಚಯದವರು ಎಂಬ ಸಂಕೋಚವನ್ನು ಬದಿಗಿಟ್ಟು ಒಂದು ಹಾಳೆಯಷ್ಟು ಒಪ್ಪಂದ ಬರೆಯಿರಿ. ಯಾವ ಯಾವ ಕೆಲಸ, ಸಂಭಾವನೆ ಎಷ್ಟು, ಕಾಗದಪತ್ರಗಳು ಯಾರ ಮನೆಯಲ್ಲಿ ಇರತಕ್ಕದ್ದು (ಅಮ್ಮನವರ ಮನೆಯಲ್ಲೇ), ಕೆಲಸ ನಿಲ್ಲಿಸುವಾಗ ಎಷ್ಟು ದಿನ ಮೊದಲು ಹೇಳಬೇಕು ಎಂಬಿಷ್ಟು ಅದರಲ್ಲಿದ್ದರೆ ಸಾಕು. ಸಂಭಾವನೆ ಗಂಟೆಯ ಲೆಕ್ಕದಲ್ಲಿ ಅಥವಾ ತಿಂಗಳ ಲೆಕ್ಕದಲ್ಲಿ ಇರಲಿ, ಹಣದ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ಬೇಡ. ವಿಮೆ, ಠೇವಣಿ, ಹೂಡಿಕೆ ಯೋಜನೆಗಳನ್ನು ಮಾರುವವರಿಗೆ ಈ ಕೆಲಸ ಕೊಡಬೇಡಿ. ಬಿಲ್ಲು ಕಟ್ಟುವ ನೆಪದಲ್ಲಿ ಎಲ್ಲ ಖಾತೆಗಳನ್ನೂ ಕಂಡವರಿಗೆ ಕಮಿಷನ್ ಬರುವ ಯೋಜನೆಯೊಂದು ನೆನಪಾಗದೇ ಇರುವುದಿಲ್ಲ. ಅಮೆರಿಕದಲ್ಲಿ ಡೈಲಿ ಮನಿ ಮ್ಯಾನೇಜರ್ ಎಂಬ ಹೆಸರಿನಲ್ಲಿ ಇದೊಂದು ಪ್ರತ್ಯೇಕ ವೃತ್ತಿಯೇ ಆಗಿ ಬೆಳೆದಿದೆ, ಅವರದೇ ಸಂಘ ಮತ್ತು ನೀತಿಸಂಹಿತೆ ಇವೆ. ಆದರೆ ಹೆಚ್ಚಿನ ಕಡೆ ಈ ಕೆಲಸಕ್ಕೆ ಪರವಾನಗಿಯ ಅಗತ್ಯವೇ ಇಲ್ಲದಿರುವುದರಿಂದ ಯಾರು ಬೇಕಾದರೂ ತಾನು ಮಾಡುತ್ತೇನೆ ಎನ್ನಬಹುದು. ಅವರು ಈ ಹಿಂದೆ ಯಾರಿಗೆ ಹೀಗೆ ಕೆಲಸ ಮಾಡಿಕೊಟ್ಟಿದ್ದಾರೋ ಅಂಥ ಇಬ್ಬರೊಡನೆಯಾದರೂ ನೀವೇ ಮಾತನಾಡಿ.

ಕೊನೆಯದಾಗಿ ಒಂದು ವಿಷಯ, ಗಾಬರಿಯಾಗದೆ ಓದಿ. ಗಂಡನ ಕಾಲದಲ್ಲಿ ಬಿಲ್ಲುಗಳನ್ನು ಮುಟ್ಟಿಯೇ ಇರದವರಿಗೆ ಲಕೋಟೆ ಒಡೆಯಲು ಅಳುಕಾಗುವುದು ಸಹಜ, ದುಃಖದಲ್ಲಿ ಇರುವವರಿಗೆ ಇನ್ನೂ ಸಹಜ. ಆದರೆ ಒಂದೇ ಬಿಲ್ಲನ್ನು ಎರಡು ಸಲ ಕಟ್ಟಿದ್ದು ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ತಿಳಿಸಿ. ಮರೆವಿನ ಕಾಯಿಲೆ ಪತ್ತೆಯಾಗುವ ಆರು ವರ್ಷಗಳಷ್ಟು ಮೊದಲೇ ಕೆಲವರಲ್ಲಿ ಬಿಲ್ಲು ಪಾವತಿ ತಪ್ಪುವುದು ಹೆಚ್ಚತೊಡಗಿತ್ತು ಎಂದು ಅಮೆರಿಕದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ಹದಿನೈದು ದಿನಕ್ಕೊಮ್ಮೆ ಜೊತೆಗೆ ಕುಳಿತು ಲೆಕ್ಕ ನೋಡುವ ಸಹಾಯಕರು ಇಂಥ ಬದಲಾವಣೆಯನ್ನು ದೂರದಲ್ಲಿರುವ ಮಕ್ಕಳಿಗಿಂತ ಮೊದಲು ಗಮನಿಸಬಲ್ಲರು. ಗಮನಿಸಿದರೆ ನಿಮಗೆ ತಿಳಿಸಬೇಕು ಎಂಬುದನ್ನು ಮೊದಲೇ, ಅಮ್ಮನವರ ಎದುರಿನಲ್ಲೇ, ಮಾತನಾಡಿಕೊಳ್ಳಿ.

ಪ್ರಶ್ನೆ: ನನಗೆ ನಲವತ್ತೊಂದು ವರ್ಷ. ಸಂಪಾದನೆಗೆ ಕೊರತೆಯಿಲ್ಲ, ಆದರೆ ಪ್ರತಿ ತಿಂಗಳೂ ಯಾವುದಾದರೊಂದು ಬಿಲ್ಲು ತಪ್ಪಿ ದಂಡ ಕಟ್ಟುತ್ತೇನೆ. ಇಷ್ಟಕ್ಕೆಲ್ಲ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವುದು ನಾಚಿಕೆಗೇಡು ಎನಿಸುತ್ತದೆ. ಎಲ್ಲವನ್ನೂ ಆಟೊ ಡೆಬಿಟ್‌ಗೆ ಹಾಕಿದರೆ ಸಾಲದೇ?

ಉತ್ತರ: ಸಾಲದು. ಸಾಲದ ಕಂತು, ವಿಮೆ, ಬಾಡಿಗೆಗಳಂತೆ ಮೊತ್ತ ಬದಲಾಗದ ಬಾಬತ್ತುಗಳಿಗೆ ಆಟೊ ಡೆಬಿಟ್ ಒಳ್ಳೆಯದೇ. ತಿಂಗಳು ತಿಂಗಳಿಗೆ ಮೊತ್ತ ಬದಲಾಗುವ ಬಿಲ್ಲುಗಳ ಮಾತು ಬೇರೆ: ಯಂತ್ರ ಬಿಲ್ಲನ್ನು ಕಟ್ಟುತ್ತದೆಯೇ ಹೊರತು ಓದುವುದಿಲ್ಲ. ಇದನ್ನು ನಾನು ಕೈಸುಟ್ಟುಕೊಂಡು ಕಲಿತಿದ್ದೇನೆ. ಬಳಸುವುದನ್ನೇ ಬಿಟ್ಟಿದ್ದ ಫೋನ್ ಸಂಪರ್ಕವೊಂದಕ್ಕೆ ಹದಿನಾಲ್ಕು ತಿಂಗಳು ತಪ್ಪದೆ ಹಣ ಕಟ್ಟಿದ್ದೆ. ಪ್ರತಿ ತಿಂಗಳೂ ಸಂದೇಶ ಬರುತ್ತಿತ್ತು, ಪ್ರತಿ ತಿಂಗಳೂ ನಾನು ಅದನ್ನು ಓದದೆ ಅಳಿಸುತ್ತಿದ್ದೆ.

ನಾಚಿಕೆಯನ್ನು ಬಿಡಿ. ಒಂದು ವರ್ಷದಲ್ಲಿ ಕಟ್ಟಿದ ದಂಡ ಮತ್ತು ತಡ ಶುಲ್ಕಗಳನ್ನೆಲ್ಲ ಸ್ಟೇಟ್‌ಮೆಂಟಿನಿಂದ ಹೆಕ್ಕಿ ಕೂಡಿಸಿ ನೋಡಿ, ತಿಂಗಳಿಗೆ ಮೂರು ಗಂಟೆಯ ಸಹಾಯಕ್ಕೆ ಕೊಡಬೇಕಾದ ಹಣ ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದು ಅಲ್ಲೇ ತಿಳಿಯುತ್ತದೆ. ಆದರೆ ನೇಮಿಸುವ ಮುನ್ನ ಖಾತೆಗಳನ್ನೂ ಕಾರ್ಡುಗಳನ್ನೂ ಕಡಿಮೆ ಮಾಡಿಕೊಳ್ಳಿ. ಐದು ಖಾತೆ, ನಾಲ್ಕು ಕಾರ್ಡುಗಳ ಗೋಜಲನ್ನು ಹಾಗೆಯೇ ಇನ್ನೊಬ್ಬರಿಗೆ ದಾಟಿಸಿದರೆ ಸಂಬಳವೂ ಹೋಗುತ್ತದೆ, ಗೋಜಲೂ ಉಳಿಯುತ್ತದೆ. ಬಿಲ್ಲುಗಳೆಲ್ಲ ಒಂದೇ ಖಾತೆಯಿಂದ ಹೋಗುವಂತೆ ಮಾಡಿ; ಕೊನೆಯ ದಿನಾಂಕಗಳನ್ನು ಸಂಬಳ ಬಂದ ವಾರಕ್ಕೆ ಬದಲಿಸಿಕೊಡಿ ಎಂದು ಕೇಳಿದರೆ ಎಷ್ಟೋ ಸಂಸ್ಥೆಗಳು ಒಪ್ಪುತ್ತವೆ. ಇಷ್ಟು ಮಾಡಿದ ಮೇಲೆ ಸಹಾಯಕರೇ ಬೇಡವೆನಿಸಲೂಬಹುದು. ಬೇಕೆನಿಸಿದರೆ ಅವರನ್ನು ಮುಖ್ಯವಾಗಿ ಬೇಸರದ ಕೆಲಸಕ್ಕೆ ಬಳಸಿ, ಅಂದರೆ ತಪ್ಪು ಬಿಲ್ಲಿನ ಬಗ್ಗೆ ಅರ್ಧ ಗಂಟೆ ಫೋನ್ ಹಿಡಿದು ಕಾಯುವುದು, ವಿಮೆಯ ಕ್ಲೇಮಿನ ಕಾಗದಗಳನ್ನು ಜೋಡಿಸುವುದು, ತೆರಿಗೆಯ ಲೆಕ್ಕಪರಿಶೋಧಕರಿಗೆ ರಸೀದಿಗಳನ್ನು ಒದಗಿಸುವುದು. ನಮ್ಮಂಥವರು ಮುಂದೂಡುವುದು ಇವನ್ನೇ.

ಪ್ರಶ್ನೆ: ನೆರೆಮನೆಯ ವೃದ್ಧರೊಬ್ಬರಿಗೆ ಎರಡು ವರ್ಷಗಳಿಂದ ಬಿಲ್ಲು ಕಟ್ಟಿಕೊಡುತ್ತಿದ್ದೇನೆ, ಅವರು ಸಣ್ಣ ಸಂಭಾವನೆ ಕೊಡುತ್ತಾರೆ. ಈಗ ನಡೆಯಲಾಗುತ್ತಿಲ್ಲವೆಂದು ಎಟಿಎಂ ಕಾರ್ಡನ್ನೂ ಪಿನ್ನನ್ನೂ ನನಗೇ ಕೊಟ್ಟಿದ್ದಾರೆ. ನಂಬಿ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ?

ಉತ್ತರ: ಇಂದೇ ಹಿಂದಿರುಗಿಸಿ. ನಾಳೆ ಅವರ ಮಕ್ಕಳೋ ಸಂಬಂಧಿಕರೋ ಬಂದು ಇಂಥ ದಿನ ತೆಗೆದ ಹಣ ಎಲ್ಲಿ ಹೋಯಿತು ಎಂದು ಕೇಳಿದರೆ, ಆ ವೃದ್ಧರಿಗೇ ನೆನಪಿಲ್ಲದ ಪಕ್ಷದಲ್ಲಿ ನಿಮ್ಮ ಪರವಾಗಿ ಮಾತನಾಡುವ ಒಂದು ಚೂರು ಕಾಗದವೂ ಇರುವುದಿಲ್ಲ. "ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ, ನನ್ನ ಕ್ಷೇಮಕ್ಕಾಗಿ ಕೊಡುತ್ತಿದ್ದೇನೆ" ಎಂದರೆ ಅವರಿಗೆ ಅರ್ಥವಾಗುತ್ತದೆ. ಪಿನ್ನನ್ನು ಬದಲಿಸಲು ನೆರವಾಗಿ, ಬದಲಿಸುವಾಗ ಮುಖ ಆ ಕಡೆ ತಿರುಗಿಸಿ ನಿಲ್ಲಿ. ನಗದು ಬೇಕಾದರೆ ಮನೆಗೇ ತಂದುಕೊಡುವ ಸೌಲಭ್ಯವನ್ನೋ ಲಿಖಿತ ಅನುಮತಿಯ ವ್ಯವಸ್ಥೆಯನ್ನೋ ಅವರ ಬ್ಯಾಂಕಿನಲ್ಲಿ ವಿಚಾರಿಸಿ.

ಈ ಎರಡು ವರ್ಷಗಳ ಲೆಕ್ಕದ ಮಾತಿಗೆ ಬಂದರೆ, ಸಿಕ್ಕಷ್ಟು ರಸೀದಿಗಳನ್ನು ತಿಂಗಳವಾರು ಜೋಡಿಸಿ, ಸ್ಟೇಟ್‌ಮೆಂಟಿನ ಪ್ರತಿಯೊಂದಿಗೆ ಕಡತ ಮಾಡಿ, ನೀವು ಪಡೆದ ಸಂಭಾವನೆಯನ್ನೂ ಅದರಲ್ಲೇ ಬರೆದು ಅವರ ಸಹಿ ಪಡೆಯಿರಿ. ಅವರ ಕಡೆಯವರು ಯಾರಾದರೊಬ್ಬರಿಗೆ, ದೂರದಲ್ಲಿದ್ದರೂ ಸರಿ, ಅದರ ಒಂದು ಪ್ರತಿಯನ್ನು ಕಳಿಸಿ. ಮುಂದೆ ಪ್ರತಿ ತಿಂಗಳೂ ಕಳಿಸುತ್ತಿರಿ. ರಸೀದಿ ಸಿಗದ ಮೊತ್ತಗಳನ್ನು ಅಂದಾಜಿನಿಂದ ತುಂಬಿಸಲು ಹೋಗಬೇಡಿ, "ರಸೀದಿ ಇಲ್ಲ" ಎಂದೇ ಬರೆಯಿರಿ.