ನೀರು ಬತ್ತಿಲ್ಲ, ಕಟ್ಟಡಗಳು ಖಾಲಿಯೂ ಇರಲಿಲ್ಲ

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು. ಅವರ ಮಗ ಜಾರ್ಜಿಯಾ ದೇಶದ ಕುತೈಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ರಜೆ ದಿನ ಗೆಳೆಯರ ಜೊತೆ ಪಕ್ಕದ ತ್ಸ್ಕಾಲ್ತುಬೊಗೆ ಹೋಗಿ ಬಂದು ಫೋಟೋಗಳನ್ನು ಕಳಿಸಿದ್ದಾನೆ. ದಪ್ಪ ಕಂಬಗಳು, ಮುರಿದ ಮೆಟ್ಟಿಲು, ಹಾಲ್ ಒಳಗೇ ಬೆಳೆದ ಗಿಡಗಳು. ‘ಭೂತದ ಊರು ಅಪ್ಪಾ’ ಅಂತ ಕೆಳಗೆ ಬರೆದಿದ್ದಾನಂತೆ. ಈ ಅರಮನೆಗಳನ್ನು ಕಟ್ಟಿದವರು ಯಾರು, ಬಿಟ್ಟುಹೋದದ್ದು ಯಾಕೆ, ನೀರು ಬತ್ತಿತಾ, ಆ ನೀರಿಗೆ ನಿಜವಾಗಿ ಮಂಡಿನೋವು ವಾಸಿ ಮಾಡುವ ಗುಣ ಇದೆಯಾ, ನಾವು ಹೋದರೆ ಏನು ನೋಡಬಹುದು? ಇವು ಅವರ ಪ್ರಶ್ನೆಗಳು.

ಸಂಪಾದಕರ ಉತ್ತರ:

ನಮಸ್ಕಾರ ಸಾರ್. ಸುಲಭದ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀರು ಬತ್ತಿಲ್ಲ, ಇವತ್ತಿಗೂ ಹರಿಯುತ್ತಿದೆ. ನಿಂತುಹೋದದ್ದು ಜನರನ್ನು ಅಲ್ಲಿಗೆ ಕಳಿಸುತ್ತಿದ್ದ ವ್ಯವಸ್ಥೆ. ಅದು ನಿಂತ ಮೇಲೂ ಆ ಕಟ್ಟಡಗಳು ಖಾಲಿ ಬೀಳಲಿಲ್ಲ. ನಿಮ್ಮ ಮಗನನ್ನು ದೂರುತ್ತಿಲ್ಲ, ಇಂಟರ್ನೆಟ್ಟಿನಲ್ಲಿ ಆ ಊರಿನ ಬಗ್ಗೆ ಹುಡುಕಿದರೆ ಬಹಳ ಜನ ಭೂತದ ಊರು ಅಂತಲೇ ಬರೆದಿರುತ್ತಾರೆ. ಆದರೆ ಆ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳಬೇಕಾದರೆ ನೀರಿನಿಂದಲೇ ಶುರು ಮಾಡಬೇಕು.

ತ್ಸ್ಕಾಲ್ತುಬೊ ಇರುವುದು ಪಶ್ಚಿಮ ಜಾರ್ಜಿಯಾದ ಇಮೆರೆತಿ ಪ್ರಾಂತ್ಯದಲ್ಲಿ, ಕುತೈಸಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಒಂದು ಸಣ್ಣ ನದಿಯ ಕಣಿವೆಯಲ್ಲಿ. ಆ ನೀರು ಕೊನೆಗೆ ರಿಯೋನಿ ನದಿ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಸುತ್ತ ಸುಣ್ಣಕಲ್ಲಿನ ಗುಡ್ಡಗಳು. ಬುಗ್ಗೆಯ ನೀರು ನೆಲದಿಂದ ಮೇಲೆ ಬರುವಾಗಲೇ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಅಂದರೆ ನಮ್ಮ ಮೈ ಬಿಸಿಗಿಂತ ಸ್ವಲ್ಪವೇ ಕಡಿಮೆ. ಕಾಯಿಸುವ ಕೆಲಸವೂ ಇಲ್ಲ, ಆರಿಸುವ ಕೆಲಸವೂ ಇಲ್ಲ. ಅದರಲ್ಲಿ ರೇಡಾನ್ ಅನ್ನೋ ಅನಿಲ ಸ್ವಲ್ಪ ಕರಗಿದೆ. ಇದು ವಿಕಿರಣ ಸೂಸುವ ಅನಿಲ. ನಾಲ್ಕು ದಿನ ತುಂಬುವುದರೊಳಗೆ ಅರ್ಧದಷ್ಟು ತಾನಾಗಿಯೇ ಇಲ್ಲವಾಗುತ್ತದೆ, ನೀರನ್ನು ಕಾಯಿಸಿದರೆ ಅಥವಾ ಕಲಕಿದರೆ ಇನ್ನೂ ಬೇಗ ಗಾಳಿಗೆ ಹಾರಿಹೋಗುತ್ತದೆ. ಹಾಗಾಗಿ ಈ ನೀರನ್ನು ತೊಟ್ಟಿಯಲ್ಲಿ ತುಂಬಿಸಿಟ್ಟು, ಪೈಪಿನಲ್ಲಿ ದೂರದ ಹೋಟೆಲಿಗೆ ಸಾಗಿಸಿ ಬಳಸುವುದು ದಂಡ. ಬುಗ್ಗೆ ಇದ್ದಲ್ಲೇ ಸ್ನಾನಗೃಹ ಕಟ್ಟಬೇಕು. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹರಿದುಹೋಗುತ್ತಿರಬೇಕು. ನಿಮ್ಮ ಮಗನ ಫೋಟೋಗಳಲ್ಲಿ ಸ್ನಾನಗೃಹಗಳೆಲ್ಲ ನಡುವಿನ ಪಾರ್ಕಿನಲ್ಲಿ, ಉಳಿದುಕೊಳ್ಳುವ ದೊಡ್ಡ ಕಟ್ಟಡಗಳೆಲ್ಲ ಅದರ ಸುತ್ತ ಉಂಗುರದ ಹಾಗೆ ಕಾಣುತ್ತವಲ್ವಾ, ಊರು ಹಾಗೆ ಬೆಳೆದದ್ದು ಬುಗ್ಗೆಗಳ ಜಾಗ ನೋಡಿಕೊಂಡು.

ಈಗ ಕಟ್ಟಿದವರ ವಿಷಯ. ಅವು ಅರಮನೆಗಳಲ್ಲ, ಯಾವ ರಾಜನೂ ಅಲ್ಲಿ ಇರಲಿಲ್ಲ. ಎಲ್ಲವೂ ಸ್ಯಾನಟೋರಿಯಂಗಳು, ಅಂದರೆ ಉಳಿದುಕೊಂಡು ಚಿಕಿತ್ಸೆ ಪಡೆಯುವ ಜಾಗಗಳು, ಕಾರ್ಮಿಕರಿಗಾಗಿ ಕಟ್ಟಿದವು. ರಷ್ಯಾದ ಕ್ರಾಂತಿಯಾದ ಎರಡೇ ವರ್ಷಕ್ಕೆ, 1919ರಲ್ಲಿ, ಅಲ್ಲಿನ ಹೊಸ ಸರ್ಕಾರ ಆರೋಗ್ಯಧಾಮಗಳನ್ನೆಲ್ಲ ಸರ್ಕಾರದ ಆಸ್ತಿ ಮಾಡಿತು. 1936ರ ಸೋವಿಯತ್ ಸಂವಿಧಾನದ 119ನೇ ವಿಧಿಯಲ್ಲಿ ವಿಶ್ರಾಂತಿ ನಾಗರಿಕರ ಹಕ್ಕು ಅಂತಲೇ ಬರೆದರು; ಜಾರ್ಜಿಯಾ ಆಗ ಸೋವಿಯತ್ ಒಕ್ಕೂಟದೊಳಗೇ ಇತ್ತು. ಸಂಬಳದ ರಜೆ, ಸ್ಯಾನಟೋರಿಯಂಗಳ ಜಾಲ, ಎಲ್ಲವೂ ಆ ಹಕ್ಕಿನ ಭಾಗ. ತ್ಸ್ಕಾಲ್ತುಬೊವನ್ನು ಆರೋಗ್ಯಧಾಮ ಅಂತ ಘೋಷಿಸಿದ್ದು 1931ರಲ್ಲಿ. ದೊಡ್ಡ ಕಟ್ಟಡಗಳಲ್ಲಿ ಜಾಸ್ತಿ ಎದ್ದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.

ಹೋಗುವುದು ಹೇಗೆ ಅಂದರೆ, ಕಾರ್ಖಾನೆಯ ಕಾರ್ಮಿಕ ಸಂಘದಿಂದ ‘ಪುತ್ಯೋವ್ಕಾ’ ಅನ್ನುವ ಚೀಟಿ ಸಿಗಬೇಕು. ಖರ್ಚಿನ ಬಹುಪಾಲು ಸಂಘ, ಸರ್ಕಾರ ನೋಡಿಕೊಳ್ಳುತ್ತಿದ್ದವು. ಮೂರು ವಾರಕ್ಕೂ ಮೇಲೆ ಅಲ್ಲೇ ವಾಸ. ಅದು ಮೋಜಿನ ಪ್ರವಾಸ ಅಲ್ಲ, ಒಂದು ರೀತಿ ಆಸ್ಪತ್ರೆಯ ಶಿಸ್ತು. ಇಂಥ ಸ್ನಾನ, ಇಷ್ಟು ನಿಮಿಷ, ಇಂಥ ಊಟ, ಇಷ್ಟು ದೂರ ನಡಿಗೆ ಅಂತ ಡಾಕ್ಟರ್ ಬರೆದುಕೊಡುತ್ತಿದ್ದರು. ಚೀಟಿ ಸಾಮಾನ್ಯವಾಗಿ ಒಬ್ಬರ ಹೆಸರಿಗೆ, ಹೆಂಡತಿ ಮಕ್ಕಳು ಊರಲ್ಲೇ. ‘ಮೆತಲುರ್ಗಿ’ ಅನ್ನೋ ಸ್ಯಾನಟೋರಿಯಂ ಲೋಹದ ಕಾರ್ಖಾನೆಯವರದು, ‘ಶಾಖ್ತ್ಯೋರಿ’ ಗಣಿ ಕಾರ್ಮಿಕರದು, ಸೇನೆಯವರಿಗೆ ಬೇರೆ. ಮಾಸ್ಕೋದಿಂದ ನೇರ ರೈಲು ಬರುತ್ತಿತ್ತು. ಒಳ್ಳೆಯ ಕಾಲದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಬಂದು ಹೋಗುತ್ತಿದ್ದರು. ನೆಲದಡಿಯಲ್ಲಿ ಕಲ್ಲಿದ್ದಲು ಅಗೆದು ಬೆನ್ನು ಸವೆಸಿಕೊಂಡವನು ಅಮೃತಶಿಲೆಯ ಮೆಟ್ಟಿಲು ಹತ್ತಿ, ತೂಗುದೀಪದ ಕೆಳಗೆ ಊಟಕ್ಕೆ ಕೂರಬೇಕು ಅನ್ನೋ ಯೋಚನೆ ಇದೆಯಲ್ಲ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಎಲ್ಲರಿಗೂ ಸಿಗಲಿಲ್ಲ ಅನ್ನೋದನ್ನೂ ಹೇಳಬೇಕು. ಸಾಮೂಹಿಕ ಬೇಸಾಯದ ರೈತರಿಗೆ ಇಂಥ ಚೀಟಿ ಸಿಗುತ್ತಿದ್ದದ್ದು ಬಹಳ ಕಡಿಮೆ. ಸಿಗುವವರಲ್ಲೂ ದೊಡ್ಡವರ ಪರಿಚಯ ಇದ್ದವರಿಗೆ ಮೊದಲು. ಇನ್ನು ಎಲ್ಲರಿಗಿಂತ ದೊಡ್ಡವರಿಗೆ ಬೇರೆಯದೇ ಏರ್ಪಾಡು. ಸ್ಟಾಲಿನ್ ಜಾರ್ಜಿಯಾದವನೇ, ಗೋರಿ ಊರಿನವನು. ಅವನಿಗಾಗಿ 1950ರ ಆಸುಪಾಸಿನಲ್ಲಿ 6ನೇ ನಂಬರಿನ ಸ್ನಾನಗೃಹ ಕಟ್ಟಿದರು, ಒಳಗೆ ಅವನೊಬ್ಬನಿಗೇ ಅಂತ ಒಂದು ಕೊಳ. ಮುಂಭಾಗದ ಗೋಡೆಯ ಮೇಲೆ ಅವನ ಉಬ್ಬುಚಿತ್ರ ಈಗಲೂ ಇದೆ.

ಮುಂದಿನದು ಬೇಗ ನಡೆದುಹೋಯಿತು. 1991ರ ಏಪ್ರಿಲ್ 9ರಂದು ಜಾರ್ಜಿಯಾ ಸ್ವಾತಂತ್ರ್ಯ ಘೋಷಿಸಿತು. ಆ ವರ್ಷ ಮುಗಿಯುವುದರೊಳಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಚೀಟಿ ಕೊಡುವ ಸಂಘಗಳೂ ಇಲ್ಲ, ಹಣವೂ ಇಲ್ಲ, ಮಾಸ್ಕೋ ಈಗ ಬೇರೆ ದೇಶದ ಊರು. ಬರುವವರು ನಿಂತರು.

ಇಲ್ಲಿಗೆ ಕಥೆ ಮುಗಿಯಿತು ಅಂತ ಬಹಳ ಜನ ಬರೆದು ನಿಲ್ಲಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. 1992ರ ಆಗಸ್ಟಿನಲ್ಲಿ ದೇಶದ ವಾಯವ್ಯ ಮೂಲೆಯ ಅಬ್ಖಾಜಿಯಾದಲ್ಲಿ ಪ್ರತ್ಯೇಕತೆಯ ಯುದ್ಧ ಶುರುವಾಯಿತು. 1993ರ ಸೆಪ್ಟೆಂಬರ್ 27ರಂದು ಅಲ್ಲಿನ ಮುಖ್ಯ ಪಟ್ಟಣ ಸುಖುಮಿ ಜಾರ್ಜಿಯಾದ ಕೈ ತಪ್ಪಿತು. ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆ, ತೋಟ, ದನಕರು ಎಲ್ಲ ಬಿಟ್ಟು ಓಡಿದರು. ಹಿಮದ ಘಟ್ಟ ದಾಟುವಾಗ ದಾರಿಯಲ್ಲೇ ಸತ್ತವರೂ ಇದ್ದಾರೆ. ಇಷ್ಟು ಜನಕ್ಕೆ ಸೂರು ಎಲ್ಲಿ? ದೇಶದಲ್ಲಿ ಸಾಲು ಸಾಲು ಕೋಣೆಗಳು ತಯಾರಿದ್ದ ಜಾಗ ಅಂದರೆ ಹೋಟೆಲುಗಳು, ಸ್ಯಾನಟೋರಿಯಂಗಳು. ತ್ಸ್ಕಾಲ್ತುಬೊಗೆ ಸಾವಿರಾರು ಜನ ಬಂದರು. ಸ್ವಲ್ಪ ದಿನದ ಮಟ್ಟಿಗೆ ಅಂತ ಹೇಳಿದ್ದರು. ಎಷ್ಟೋ ಕುಟುಂಬಗಳು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದವು.

ಮೂರು ವಾರ ಇರುವ ರೋಗಿಗೆ ಅಂತ ಮಾಡಿದ ಕೋಣೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಮಕ್ಕಳು. ಒಳಗೆ ಅಡುಗೆಮನೆ ಇರಲಿಲ್ಲ, ಬಾಲ್ಕನಿಗೆ ಹಲಗೆ, ತಗಡು ಹೊಡೆದು ಒಲೆ ಇಟ್ಟುಕೊಂಡರು. ಆ ವರ್ಷಗಳಲ್ಲಿ ಇಡೀ ಜಾರ್ಜಿಯಾದಲ್ಲೇ ಕರೆಂಟ್ ಸರಿಯಾಗಿ ಇರುತ್ತಿರಲಿಲ್ಲ. ಚಳಿಗಾಲ ಕಳೆಯಲು ಕಿಟಕಿಯ ಗಾಜು ತೆಗೆದು ಹೊಗೆಕೊಳವೆ ಹಾಯಿಸಿ ಸೌದೆ ಉರಿಸಿದರು. ಕಾರಿಡಾರಿನಲ್ಲಿ ಬಟ್ಟೆ ಒಣಗುತ್ತಿತ್ತು, ಮುಂದಿನ ಹೂತೋಟದಲ್ಲಿ ಮೆಕ್ಕೆಜೋಳ ಬೆಳೆಯುತ್ತಿತ್ತು. ಅಲ್ಲೇ ಹುಟ್ಟಿದವರಿಗೆ ಅಲ್ಲೇ ಮದುವೆಯಾಗಿ ಮಕ್ಕಳಾದವು. ಇದನ್ನೆಲ್ಲ ಬಿಟ್ಟು ಆ ಕಟ್ಟಡಕ್ಕೆ ‘ಪಾಳು’ ಅಂದುಬಿಟ್ಟರೆ ಹೇಗೆ? ಅಲ್ಲಿ ಜನ ವಾಸವಿದ್ದಾಗಲೇ ಫೋಟೋ ತೆಗೆಯುವವರು ಬಂದು, ಬಟ್ಟೆ ಒಣಗುವ ಹಗ್ಗ ಫ್ರೇಮಿನಲ್ಲಿ ಬಾರದ ಹಾಗೆ ಕಂಬದ ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು. ನನಗೆ ಅದು ಸಿಟ್ಟು ತರಿಸುತ್ತದೆ.

ಕಟ್ಟಡಗಳನ್ನು ಹಾಳು ಮಾಡಿದವರೇ ಈ ನಿರಾಶ್ರಿತರು ಅನ್ನೋ ಮಾತೂ ನಿಮ್ಮ ಮಗನ ಕಿವಿಗೆ ಬಿದ್ದಿರಬಹುದು. ಚಳಿಗೆ ನೆಲದ ಹಲಗೆ ಕಿತ್ತು ಉರಿಸಿದವರು ಇದ್ದಾರೆ, ಸುಳ್ಳಲ್ಲ. ಆದರೆ ರೇಡಿಯೇಟರು, ಪೈಪು, ತಂತಿ ಕಿತ್ತು ಗುಜರಿಗೆ ಹೋದದ್ದು ಆ ಊರಲ್ಲಿ ಮಾತ್ರ ಅಲ್ಲ, ಕುಸಿದುಬಿದ್ದ ಇಡೀ ದೇಶದಲ್ಲಿ. ಯಾರೂ ಇಲ್ಲದೆ ಬಿಟ್ಟ ಕಟ್ಟಡದ ಮಾಡು ಸೋರಿದರೆ ಗೋಡೆ ಎಷ್ಟು ದಿನ ನಿಂತೀತು? ಜನ ಇದ್ದ ಕೋಣೆಗೆ ಕನಿಷ್ಠ ಒಂದು ತಗಡಾದರೂ ಬೀಳುತ್ತಿತ್ತು.

ಆಮೇಲೆ ಸರ್ಕಾರ ಹೊಸ ಫ್ಲ್ಯಾಟುಗಳನ್ನು ಕಟ್ಟಿಸಿ ಸ್ವಲ್ಪಸ್ವಲ್ಪವಾಗಿ ಬಹಳಷ್ಟು ಕುಟುಂಬಗಳನ್ನು ಅಲ್ಲಿಗೆ ಕಳಿಸಿತು. 2022ರಲ್ಲಿ ಸ್ಯಾನಟೋರಿಯಂಗಳನ್ನು ಹರಾಜಿಗೆ ಇಟ್ಟು ಊರನ್ನು ಮತ್ತೆ ಆರೋಗ್ಯಧಾಮ ಮಾಡುವ ಯೋಜನೆ ಹೊರಟಿತು. ಮಾಡಲಿ, ಒಳ್ಳೆಯದೇ. ಹೊಸ ಹೋಟೆಲಿನ ಗೋಡೆ ಮೇಲೆ ಸ್ಟಾಲಿನ್ ಕಾಲದ ಫೋಟೋ ಹಾಕುತ್ತಾರೆ ಅಂತ ಊಹಿಸಬಲ್ಲೆ. ಪಕ್ಕದಲ್ಲಿ ಬಾಲ್ಕನಿಯ ಅಡುಗೆಮನೆಯ ಫೋಟೋ ಒಂದೂ ಹಾಕಲಿ ಅನ್ನೋದು ನನ್ನ ಆಸೆ.

ಮಂಡಿನೋವಿನ ಪ್ರಶ್ನೆ ಬಾಕಿ ಇದೆ. ಕೀಲುನೋವು, ಸಂಧಿವಾತಕ್ಕೆ ಅಂತಲೇ ಅಲ್ಲಿಗೆ ಜನ ಹೋಗುತ್ತಿದ್ದರು. ಬೆಚ್ಚಗಿನ ನೀರಿನಲ್ಲಿ ಮೈ ಹಗುರವಾಗಿ ಕೀಲಿಗೆ ಆರಾಮ ಸಿಗುವುದು ನಿಜ, ಅದಕ್ಕೆ ರೇಡಾನೇ ಬೇಕು ಅಂತಿಲ್ಲ. ಇನ್ನೊಂದು ಕಡೆ, ಮನೆಯೊಳಗೆ ಸೇರಿಕೊಳ್ಳುವ ರೇಡಾನ್ ಅನಿಲವನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಕೆಲವು ನಿಮಿಷದ ಸ್ನಾನವೂ ಅದೂ ಒಂದೇ ಅಲ್ಲ. ಆದರೂ ಸುಮ್ನೆ ನೀರಿಗೆ ಇಳಿಯಬೇಡಿ, ನಿಮ್ಮ ಡಾಕ್ಟರನ್ನು ಕೇಳಿಯೇ ಇಳಿಯಿರಿ.

ಹೋದರೆ ಪಾರ್ಕಿನಲ್ಲಿ ನಿಧಾನವಾಗಿ ನಡೆಯಿರಿ. 6ನೇ ನಂಬರಿನ ಸ್ನಾನಗೃಹ ದುರಸ್ತಿಯಾಗಿ ನಡೆಯುತ್ತಿದೆ, ಅಲ್ಲಿ ಸ್ನಾನ ಮಾಡಬಹುದು. ಹತ್ತಿರದಲ್ಲೇ ಪ್ರಮೀಥಿಯಸ್ ಗುಹೆ ಇದೆ, 2011ರಿಂದ ಜನರಿಗೆ ತೆರೆದಿದೆ, ಅದನ್ನೂ ನೋಡಿ. ಬಿದ್ದ ಕಟ್ಟಡಗಳ ಮಹಡಿ ಹತ್ತಬೇಡಿ ಅಂತ ಮಗನಿಗೆ ಖಂಡಿತ ಹೇಳಿ, ನೆಲ ಎಲ್ಲಿ ಟೊಳ್ಳಾಗಿದೆ ಗೊತ್ತಾಗುವುದಿಲ್ಲ. ಯಾರಾದರೂ ವಾಸ ಇರುವ ಹಾಗೆ ಕಂಡರೆ ಮೊದಲು ಕೈಮುಗಿದು ಮಾತಾಡಿಸಲಿ, ಆಮೇಲೆ ಕ್ಯಾಮೆರಾ. ಅವನಿಗೆ ಜಾರ್ಜಿಯನ್ ಭಾಷೆ ಸ್ವಲ್ಪ ಬರುತ್ತದೆ ಅಂತ ಬರೆದಿದ್ದೀರಿ. ಸುಖುಮಿಯಿಂದ ಬಂದ ಹಿರಿಯರು ಯಾರಾದರೂ ಸಿಕ್ಕಿ, ಅವರಿಗೆ ಹೇಳಲು ಮನಸ್ಸಿದ್ದರೆ, ಕೇಳಿ ಬರೆದುಕೊಳ್ಳಲಿ. ನಮಗೆ ಕಳಿಸಿದರೆ ಅವರು ಒಪ್ಪಿದಷ್ಟನ್ನು ಸಂತೋಷದಿಂದ ಪ್ರಕಟಿಸುತ್ತೇವೆ.