ಬಾಗಿನ ಬೇಡವೆಂದ ಮೇಲೆ

ಮಂಡ್ಯದ ಬಡಾವಣೆಯೊಂದರಲ್ಲಿ ವಾಸವಿರುವ ಕ್ರೈಸ್ತ ಮಹಿಳೆಯೊಬ್ಬರು, ನೆರೆಮನೆಯವರೊಂದಿಗೆ ಮಾತು ನಿಂತುಹೋದ ಕೊರಗಿನಲ್ಲಿ ನಿದ್ದೆ ಬಾರದೆ, ಸಲಹೆ ಕೇಳಿ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರು ಕೆಲಸಕ್ಕೆ ಹೋದಾಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಹಿರಿಯರು ಗೌರಿ ಹಬ್ಬದ ದಿನ ಮೊರದ ಬಾಗಿನ ಹಿಡಿದು ಬಾಗಿಲಿಗೆ ಬಂದಿದ್ದರು. ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ ಎಲ್ಲವನ್ನೂ ಜೋಡಿಸಿ, ಮೇಲೊಂದು ಮೊರ ಮುಚ್ಚಿ, ಸೆರಗು ಹೊದಿಸಿಕೊಂಡು, “ತಗೊಳವ್ವ” ಎಂದರಂತೆ. ಈಕೆ ಹೊಸ್ತಿಲಲ್ಲೇ ತಡೆದು, “ದೆವ್ವಕ್ಕೆ ಇಟ್ಟಿದ್ದು ನಮ್ಮ ಮನೆಯೊಳಕ್ಕೆ ಬರಬಾರದು” ಎಂದುಬಿಟ್ಟರು. ಹಿರಿಯರು ಒಂದು ಮಾತೂ ಆಡದೆ ಹಿಂತಿರುಗಿದರು. ಅಂದಿನಿಂದ ಆ ಮನೆಯ ಬಾಗಿಲು ಮಗುವಿಗೂ ತೆರೆದಿಲ್ಲ.

“ನಾನು ನಂಬಿಕೆ ಉಳಿಸಿಕೊಂಡೆ ತಾನೆ ಮೇಡಂ, ಮತ್ತೆ ಯಾಕೆ ಇಷ್ಟು ಸಂಕಟ?” ಎಂಬುದು ಅವರ ಪ್ರಶ್ನೆ.

ಪೂಜೆಗೆ ಇಟ್ಟದ್ದನ್ನು ಸ್ವೀಕರಿಸಲು ಮನಸ್ಸಾಕ್ಷಿ ಒಪ್ಪದಿದ್ದರೆ ಬೇಡವೆನ್ನುವ ಹಕ್ಕು ಅವರಿಗಿದೆ. ಸಂವಿಧಾನದ 25ನೇ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ, ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿ ಕ್ರೈಸ್ತ ಧರ್ಮದ ಆದಿಕಾಲದ ಬೋಧಕ ಪೌಲನೂ ಇದೇ ವಿಷಯವನ್ನು ವಿವರವಾಗಿ ಚರ್ಚಿಸಿದ್ದಾನೆ. ಆದ್ದರಿಂದ ಬಾಗಿನವನ್ನು ತೆಗೆದುಕೊಳ್ಳಲೇಬೇಕಿತ್ತೆಂದು ನಾನು ಹೇಳಲಿಲ್ಲ. ಆದರೆ “ದೆವ್ವಕ್ಕೆ ಇಟ್ಟಿದ್ದು” ಎಂಬ ಮಾತನ್ನು ಅವರ ಮನಸ್ಸಾಕ್ಷಿ ಕೇಳಿರಲಿಲ್ಲ. ಅದು ಭಯದಿಂದ ಬಂದದ್ದು, ಮತ್ತು ಆ ಭಯದಲ್ಲಿ ಎದುರಿಗೆ ನಿಂತವರು ಯಾರೆಂಬುದೇ ಅವರಿಗೆ ಮರೆತುಹೋಗಿತ್ತು.

ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 19ನೇ ಅಧ್ಯಾಯವನ್ನು ಇಬ್ಬರೂ ಕೂಡಿ ಓದಿದೆವು. ಅರ್ತೆಮೀ ದೇವಿಯ ಗುಡಿಗೆ ಹೆಸರಾದ ಪ್ರಾಚೀನ ಪಟ್ಟಣ ಎಫೆಸದಲ್ಲಿ ಪೌಲನು ಎರಡು ವರ್ಷಕ್ಕೂ ಹೆಚ್ಚು ಕಾಲ ಬೋಧಿಸಿದ್ದನು. ಕೈಯಿಂದ ಮಾಡಿದವುಗಳು ದೇವರಲ್ಲವೆಂದು ಅವನು ಹೇಳುತ್ತಿದ್ದುದೂ ಊರಿಗೆ ತಿಳಿದಿತ್ತು. ಹಾಗಿದ್ದೂ ಜನ ದಂಗೆಯೆದ್ದಾಗ, ಈ ಜನರು ಗುಡಿಯನ್ನು ದೋಚಿದವರೂ ಅಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಅವನ ಸಂಗಡಿಗರ ಪರವಾಗಿ 37ನೇ ವಚನದಲ್ಲಿ ಸಾಕ್ಷಿ ನುಡಿದವನು ಆ ಪಟ್ಟಣದ ಅಧಿಕಾರಿಯೇ. ನಮ್ಮ ಬಗ್ಗೆ ನೆರೆಯವರು ಇಂಥ ಸಾಕ್ಷಿ ಹೇಳುವಂತಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆಕೆ ಆ ವಚನವನ್ನು ಮತ್ತೊಮ್ಮೆ ಓದಿಕೊಂಡು, “ನಮ್ಮ ಪ್ರಾರ್ಥನಾ ಕೂಟದಲ್ಲಿ ಇದನ್ನು ಯಾರೂ ಓದಿಸಿಲ್ಲ” ಎಂದರು.

ಗೌರಿ ಎಂದರೆ ತವರಿಗೆ ಬಂದ ಮಗಳು, ಮರುದಿನ ಗಣೇಶ ಬಂದು ಆಕೆಯನ್ನು ಕರೆದೊಯ್ಯುತ್ತಾನೆ ಎಂಬುದು ನಮ್ಮ ಕಡೆಯ ನಂಬಿಕೆ. ಬಾಗಿನ ತಂದ ಹಿರಿಯರು ಈಕೆಯನ್ನು ಮನೆಮಗಳ ಸ್ಥಾನದಲ್ಲಿ ಕಂಡಿದ್ದರು. ಪೂಜೆಯನ್ನು ಒಪ್ಪದಿದ್ದರೂ ಆ ಪ್ರೀತಿಯನ್ನು ಕೈಮುಗಿದು ಸ್ವೀಕರಿಸಲು ಯಾವ ಅಡ್ಡಿಯೂ ಇರಲಿಲ್ಲ.

ಅವರೇ ಹೋಗಿ ಕ್ಷಮೆ ಕೇಳಬೇಕೆಂದು ಸೂಚಿಸಿದೆ. ಮಾತುಗಳನ್ನು ಕೂತು ಸಿದ್ಧಪಡಿಸಿದೆವು: “ದೊಡ್ಡಮ್ಮ, ಪೂಜೆಗೆ ಇಟ್ಟದ್ದನ್ನು ನಮ್ಮಲ್ಲಿ ತಗೊಳ್ಳೋದಿಲ್ಲ. ಆದರೆ ನಾನು ಆಡಿದ ಮಾತು ತಪ್ಪು, ನಿಮ್ಮನ್ನು ನೋಯಿಸಿದೆ.” ಇದಕ್ಕೆ ಯೇಸುವಿನ ವಿಚಾರವನ್ನಾಗಲಿ, ವಿಗ್ರಹದ ವಿಚಾರವನ್ನಾಗಲಿ ಸೇರಿಸಕೂಡದು, ಅವರು ಬೈದರೆ ಕೇಳಿಕೊಳ್ಳಬೇಕು ಎಂದೂ ಹೇಳಿದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಬೇಕೆಂದು ಯೇಸುವಿನ ಶಿಷ್ಯ ಪೇತ್ರನು ಬರೆದಿದ್ದಾನೆ. ಕೇಳುವವರೆಗೆ ಕಾಯುವುದೂ ಅದರಲ್ಲಿ ಸೇರಿದೆ.

ಹಿರಿಯರು ಕ್ಷಮೆಯನ್ನು ಕೇಳಿಸಿಕೊಂಡು, “ಮಗುನ ಕಳಿಸು” ಎಂದಷ್ಟೇ ಹೇಳಿದರಂತೆ. ಮುಂದಿನ ಭೇಟಿಯಲ್ಲಿ ಆಕೆ ಕ್ರಿಸ್‌ಮಸ್ ಕೇಕ್ ಕೊಡಬಹುದೇ ಎಂದು ವಿಚಾರಿಸಿದರು. ಖಂಡಿತ ಕೊಡಿ, ಆದರೆ ಮೊಟ್ಟೆ ತಿನ್ನುತ್ತಾರೋ ಇಲ್ಲವೋ ಎಂದು ಮೊದಲು ಕೇಳಿ, ತಟ್ಟೆಯ ಜೊತೆ ಕರಪತ್ರ ಇಡಬೇಡಿ, ಅವರು ಬೇಡವೆಂದರೆ ಬೇಸರಪಡಬೇಡಿ ಎಂದೆ.